ನಾರುಮಡಿಗೆ ಲೇಸು

ನಾರುಮಡಿ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಅರಮನೆ ಬಿಟ್ಟು ಕಾಡಿಗೆ ಹೊರಟ ರಾಮ, ಅದನ್ನು ಉಡುವ ಬಗೆ ತಿಳಿಯದೆ ತಬ್ಬಿಬ್ಬಾಗಿ ನಿಂತ ಸೀತೆ. ನಮ್ಮ ಕಥೆಗಳಲ್ಲಿ ಮರದ ತೊಗಟೆಯ ಬಟ್ಟೆ ಎಂದರೆ ಎಲ್ಲವನ್ನೂ ಬಿಟ್ಟವರ ಉಡುಗೆ. ಪೆಸಿಫಿಕ್ ಸಾಗರದ ಪಾಲಿನೇಷ್ಯಾದಲ್ಲಿ ಈ ಲೆಕ್ಕ ಪೂರ್ತಿ ತಿರುಗುಮುರುಗು. ಟೊಂಗಾ, ಸಮೋವಾ, ನಿಯುವೆ, ಹವಾಯಿ, ಹಾಗೆಯೇ ಭೂಪಟದಲ್ಲಿ ಮೆಲನೇಷ್ಯಾಕ್ಕೆ ಸೇರಿದರೂ ಬಟ್ಟೆಯ ನಂಟಿನಲ್ಲಿ ಟೊಂಗಾದ ಕಡೆಗೇ ವಾಲುವ ಫಿಜಿ, ಇಲ್ಲೆಲ್ಲ ತೊಗಟೆಯ ಬಟ್ಟೆ ಮನೆತನದ ಆಸ್ತಿ. ಮದುವೆಗೆ, ಸಾವಿಗೆ, ಪಟ್ಟಾಭಿಷೇಕಕ್ಕೆ ಹೊತ್ತು ತರುವ ಸಿರಿ. ಹೊರಗಿನವರು ಇದನ್ನೆಲ್ಲ ಒಟ್ಟಾಗಿ ಟಾಪಾ ಎನ್ನುತ್ತಾರೆ. ಈಚಿನ ದಶಕಗಳಲ್ಲಿ ಈ ಟಾಪಾ ಕಲಾ ಗ್ಯಾಲರಿಗಳ ಗೋಡೆ ಏರಿದೆ. ಏರುವಾಗ ಕೆಲವೊಮ್ಮೆ ಒಂಟಿಯಾಗಿ ಬಂದಿಲ್ಲ, ಯುರೋಪಿನ ಲೇಸನ್ನು ಜೊತೆಗೆ ಕರೆತಂದಿದೆ. ಲೇಸು ಎಂಬ ಪದ ಕನ್ನಡಿಗರಿಗೆ ಎರಡು ಬಗೆಯದು. ಲಂಗದ ಅಂಚಿಗೆ ಹಚ್ಚುವ ಜಾಲರಿ ಒಂದು, ಒಳಿತು ಎಂಬ ಹಳೆಯ ಅರ್ಥ ಇನ್ನೊಂದು. ಹಾಗಾಗಿ ನಾರುಮಡಿಗೆ ಲೇಸು ಲೇಸೇ ಎಂಬ ಪ್ರಶ್ನೆ ಕನ್ನಡದಲ್ಲಿ ತಾನಾಗಿಯೇ ಏಳುತ್ತದೆ. ಇಂಥ ಕೃತಿಗಳನ್ನು ಎರಡು ಸಂಸ್ಕೃತಿಗಳ ಸುಂದರ ಸಂಗಮ ಎಂದು ಹೊಗಳಿ ಮುಂದೆ ಸಾಗುವುದು ವಾಡಿಕೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಟಾಪಾ ದ್ವೀಪದವರ ಮೈಮೇಲಿಂದ ಹೇಗೆ ಇಳಿಯಿತು ಎಂಬ ಮೊಕದ್ದಮೆಯಲ್ಲಿ ಲೇಸು ಒಬ್ಬ ಸಾಕ್ಷಿ. ಸಾಕ್ಷಿಯನ್ನು ಅಲಂಕಾರಕ್ಕೆ ನಿಲ್ಲಿಸಿದ ಕೃತಿ ಸೋಲುತ್ತದೆ, ಮಾತಾಡಿಸಿದ ಕೃತಿ ಗೆಲ್ಲುತ್ತದೆ.

ಮೊದಲು ಟಾಪಾ ಎಂದರೇನು ಎಂದು ಹತ್ತಿರದಿಂದ ನೋಡಬೇಕು. ಅದರ ಮುಖ್ಯ ಗಿಡ ನಮ್ಮ ರಾಮನಗರ, ಕೋಲಾರದ ಹಿಪ್ಪುನೇರಳೆಯ ಸೋದರ ಸಂಬಂಧಿ, ಕಾಗದದ ಹಿಪ್ಪುನೇರಳೆ. ನಮ್ಮಲ್ಲಿ ಹಿಪ್ಪುನೇರಳೆಯ ಎಲೆ ಹುಳುವಿನ ಹೊಟ್ಟೆ ಸೇರಿ, ಗೂಡಾಗಿ, ಬಿಸಿನೀರಿನಲ್ಲಿ ನೂಲು ಬಿಚ್ಚಿಕೊಂಡು, ಮಗ್ಗ ಹತ್ತಿ ಸೀರೆಯಾಗುತ್ತದೆ. ಅಲ್ಲಿ ಹುಳುವೂ ಇಲ್ಲ, ನೂಲೂ ಇಲ್ಲ, ಮಗ್ಗವೂ ಇಲ್ಲ. ಒಂದೆರಡು ವರ್ಷದ ಗಿಡವನ್ನು ಕಡಿದು, ಕೊಂಬೆ ಒಡೆಯದಂತೆ ಆಗಾಗ ಚಿವುಟಿ ನೇರವಾಗಿ ಬೆಳೆಸಿದ ಕಾಂಡದಿಂದ ತೊಗಟೆಯನ್ನು ಉದ್ದಕ್ಕೆ ಸುಲಿಯುತ್ತಾರೆ. ಹೊರಗಿನ ಒರಟು ಸಿಪ್ಪೆಯನ್ನು ಹೆರೆದು ಬಿಸಾಡಿ, ಒಳಗಿನ ಬಿಳಿ ನಾರಿನ ಪಟ್ಟಿಯನ್ನು ಒಣಗಿಸಿ, ಮತ್ತೆ ನೆನೆಸಿ, ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿಯುತ್ತಾರೆ. ಟೊಂಗಾದಲ್ಲಿ ಈ ಕೊಡತಿಗೆ ಇಕೆ ಎಂದು ಹೆಸರು. ಅದಕ್ಕೆ ನಾಲ್ಕು ಮುಖ. ಕೆಲವು ಮುಖಗಳಲ್ಲಿ ಉದ್ದುದ್ದ ಗೀರುಗಳು, ಇನ್ನೊಂದು ನಯ. ಗೀರಿನ ಮುಖ ನಾರನ್ನು ಅಗಲಕ್ಕೆ ಹರಡಿಸುತ್ತದೆ, ನಯವಾದ ಮುಖ ಹದಗೊಳಿಸುತ್ತದೆ. ಮೂರು ನಾಲ್ಕು ಬೆರಳಗಲದ ಪಟ್ಟಿ ಬಡಿತಕ್ಕೆ ಸಿಕ್ಕಿ ಗೇಣಗಲ ಮೀರಿ ಹರಡಿಕೊಳ್ಳುತ್ತದೆ. ಇಂಥ ಹಾಳೆಗಳನ್ನು ಅಡ್ಡ ಒಂದು, ಉದ್ದ ಒಂದು ಇಟ್ಟು, ಗೆಡ್ಡೆಯ ಗಂಜಿ ಹಚ್ಚಿ ಅಂಟಿಸುತ್ತ ಹೋದರೆ ಎಷ್ಟು ದೊಡ್ಡ ಬಟ್ಟೆ ಬೇಕಾದರೂ ಆಗುತ್ತದೆ. ನೇಯ್ಗೆಯವರ ಭಾಷೆಯಲ್ಲಿ ಹೇಳುವುದಾದರೆ ಇದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನಾರುಗಳು ಒಂದಕ್ಕೊಂದು ಹೆಣೆದು ಕೂತಿರುತ್ತವೆ, ಅಷ್ಟೇ. ಬಣ್ಣ ಹಾಕುವುದು ಒಬ್ಬರ ಕೆಲಸವಲ್ಲ. ಬಾಗಿದ ಉದ್ದನೆಯ ಹಲಗೆಯ ಇಕ್ಕೆಲದಲ್ಲಿ ಹೆಂಗಸರು ಸಾಲಾಗಿ ಕೂರುತ್ತಾರೆ. ತೆಂಗಿನ ಗರಿಯ ಕಡ್ಡಿಗಳನ್ನು ಎಲೆಯ ಮೇಲೆ ಹೊಲಿದು ಮಾಡಿದ ಕುಪೆಸಿ ಎಂಬ ಅಚ್ಚನ್ನು ಕೆಳಗಿಟ್ಟು, ಮೇಲೆ ನಾರುಬಟ್ಟೆ ಹಾಸಿ, ಕಂದು ಬಣ್ಣದಲ್ಲಿ ಅದ್ದಿದ ಉಂಡೆಯಿಂದ ಉಜ್ಜುತ್ತಾರೆ. ಕೆಳಗಿನ ಕಡ್ಡಿಯ ಗೆರೆ ಮೇಲೆ ಮೂಡುತ್ತದೆ. ಆ ಕಂದು ಬಣ್ಣ ಕೊಡುವ ಕೊಕಾ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ.

ಹೀಗೆ ಬಣ್ಣ ಕಂಡ ಬಟ್ಟೆಗೆ ಟೊಂಗಾದವರು ಙಾಟು ಎನ್ನುತ್ತಾರೆ. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಙ ಅಕ್ಷರಕ್ಕೆ ಕೊನೆಗೂ ಒಂದು ಉದ್ಯೋಗ.) ಸಮೋವಾದಲ್ಲಿ ಅದು ಸಿಯಾಪೊ, ಫಿಜಿಯಲ್ಲಿ ಮಾಸಿ, ನಿಯುವೆಯಲ್ಲಿ ಹಿಯಾಪೊ, ಹವಾಯಿಯಲ್ಲಿ ಕಾಪಾ. ಈ ಗಿಡ ಆ ದ್ವೀಪಗಳದ್ದಲ್ಲ. 2015ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಪೆಸಿಫಿಕ್‌ನ ಕಾಗದದ ಹಿಪ್ಪುನೇರಳೆಯ ಬೇರನ್ನು ತೈವಾನಿನಲ್ಲಿ ಗುರುತಿಸಿತು. ದ್ವೀಪಗಳಲ್ಲಿ ಈ ಗಿಡ ಬೀಜದಿಂದ ಹಬ್ಬಿದ್ದಲ್ಲ, ಬೇರುಸಸಿ ಕಿತ್ತು ನೆಟ್ಟದ್ದರಿಂದ. ಎಂದರೆ ಸಾವಿರಾರು ಮೈಲಿ ಕಡಲು ದಾಟಿದ ದೋಣಿಗಳಲ್ಲಿ ಅನ್ನದ ಗೆಡ್ಡೆಗಳ ಜೊತೆಗೆ ಬಟ್ಟೆಯ ಗಿಡವನ್ನೂ ಯಾರೋ ಒದ್ದೆಯಾಗಿ ಕಾಪಾಡಿಕೊಂಡು ತಂದಿದ್ದರು. ತೊಗಟೆ ಬಡಿಯುವ ಜಾಣ್ಮೆ ನಮಗೂ ಹೊಸತಲ್ಲ. ಕೊಡಗು ಮತ್ತು ಘಟ್ಟದ ಕಾಡುಗಳ ಅಜ್ಜನಪಟ್ಟೆ ಮರದ ದಪ್ಪ ಕೊಂಬೆಯನ್ನು ನೆನೆಸಿ ಬಡಿದು, ಸಡಿಲವಾದ ನಾರುತೊಗಟೆಯನ್ನು ಕಾಲುಚೀಲದಂತೆ ಒಳಹೊರಗು ಮಾಡಿ ಎಳೆದು, ತಳಕ್ಕೆ ಒಂದು ಬಿಲ್ಲೆ ಮರ ಉಳಿಸಿ ಅಕ್ಕಿಚೀಲ ಮಾಡುತ್ತಿದ್ದುದನ್ನು 19ನೇ ಶತಮಾನದ ಸಸ್ಯಶಾಸ್ತ್ರಜ್ಞರು ಬೆರಗಿನಿಂದ ಬರೆದಿಟ್ಟಿದ್ದಾರೆ. ಹೊಲಿಗೆ ಇಲ್ಲದ ಚೀಲ. ನಾವು ಅಲ್ಲಿಗೇ ನಿಲ್ಲಿಸಿದೆವು, ಅವರು ಅದನ್ನೇ ಬದುಕಿನ ಕೇಂದ್ರಕ್ಕೆ ತಂದರು. ನ್ಯೂಜಿಲೆಂಡಿನ ರಾಷ್ಟ್ರೀಯ ಸಂಗ್ರಹಾಲಯ ಟೆ ಪಾಪಾದಲ್ಲಿ ಸುಮಾರು 22 ಮೀಟರ್ ಉದ್ದದ ಒಂದು ಙಾಟು ಇದೆ. ಎರಡನೇ ಎಲಿಜಬೆತ್ ರಾಣಿಯ 1953ರ ಪಟ್ಟಾಭಿಷೇಕದ ನೆನಪಿಗೆ ಮಾಡಿದ್ದು. 1965ರಲ್ಲಿ ಟೊಂಗಾದ ರಾಣಿ ಸಾಲೋಟೆ ನ್ಯೂಜಿಲೆಂಡಿನಲ್ಲಿ ತೀರಿಕೊಂಡಾಗ, ಪಾರ್ಥಿವ ಶರೀರವನ್ನು ವಿಮಾನದಲ್ಲಿ ಊರಿಗೆ ಒಯ್ಯುವಾಗ ಶವಪೆಟ್ಟಿಗೆಯ ಕೆಳಗೆ ಹಾಸಿದ್ದು ಇದನ್ನೇ. ಒಬ್ಬ ರಾಣಿಯ ಪಟ್ಟಕ್ಕೂ ಇನ್ನೊಬ್ಬ ರಾಣಿಯ ಕೊನೆಯ ಪಯಣಕ್ಕೂ ಒಂದೇ ನಾರುಬಟ್ಟೆ ಸಾಕ್ಷಿಯಾಯಿತು.

ಇನ್ನು ಲೇಸು. ಟಾಪಾ ನೂಲಿಲ್ಲದ ಬಟ್ಟೆಯಾದರೆ ಲೇಸು ಬಟ್ಟೆಯಿಲ್ಲದ ನೂಲು. 16ನೇ ಶತಮಾನದ ವೆನಿಸ್ಸಿನಲ್ಲಿ ಸೂಜಿಯಿಂದ ಹೊಲಿಯುವವರು ಬಟ್ಟೆಯ ಎಳೆಗಳನ್ನು ಕಿತ್ತು ಕಂಡಿಗಳ ಸುತ್ತ ಹೊಲಿಗೆ ಹಾಕುತ್ತ ಹಾಕುತ್ತ, ಕೊನೆಗೆ ಬಟ್ಟೆಯೇ ಬೇಡವೆಂದು ಬಿಟ್ಟರು. ಅದಕ್ಕೆ ಇಟಲಿಯವರಿಟ್ಟ ಹೆಸರಿನ ಅರ್ಥ ಗಾಳಿಯಲ್ಲಿ ಹಾಕಿದ ಹೊಲಿಗೆ. ಫ್ಲಾಂಡರ್ಸಿನಲ್ಲಿ ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಹತ್ತಾರು ಪುಟ್ಟ ಕದಿರುಗಳಿಂದ ನೂಲನ್ನು ಹೆಣೆಯುವ ಇನ್ನೊಂದು ದಾರಿ ಬೆಳೆಯಿತು. ಲೇಸಿನಲ್ಲಿ ಹೂವು ಕಾಣುವುದು ನೂಲಿನಿಂದ ಎಷ್ಟೋ ತೂತಿನಿಂದಲೂ ಅಷ್ಟೇ. ನೂರಾರು ಗಂಟೆಗಳ ಹೆಂಗಸರ ದುಡಿಮೆ ಸೇರಿದ್ದರಿಂದ ಅದು ರಾಜರ, ಪಾದ್ರಿಗಳ, ಶ್ರೀಮಂತ ಗಂಡಸರ ಕೊರಳ ಸುತ್ತ ಮೆರೆಯಿತು. 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಜಾಲರಿ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಆ ಮೆರವಣಿಗೆ ಮುಗಿಯುತ್ತ ಬಂತು. ನಾಟಿಂಗ್‌ಹ್ಯಾಮಿನ ಕಾರ್ಖಾನೆಗಳು ಲೇಸನ್ನು ಗಜಗಟ್ಟಲೆ ಹೊರಹಾಕತೊಡಗಿದವು. ಕೈಕಸುಬಿನ ಬೆಲೆ ಬಿದ್ದುಹೋಯಿತು. ಈ ಕಾಲಗಣನೆಯನ್ನು ನೆನಪಿಡಬೇಕು. ಏಕೆಂದರೆ ಪಾಲಿನೇಷ್ಯಾದ ಹೆಂಗಸರು ಯುರೋಪಿನ ಉಡುಪು ತೊಡಲು ಕಲಿತದ್ದು ಸರಿಯಾಗಿ ಇದೇ ದಶಕಗಳಲ್ಲಿ. ಅವರ ರವಿಕೆಯ ಅಂಚಿಗೆ ಬಂದು ಕೂತ ಲೇಸಿನಲ್ಲಿ ಹೆಚ್ಚಿನದು ಹೊಗೆ ಕಾರುವ ಊರಿನ ಅಗ್ಗದ ಸರಕು.

ಲಂಡನ್ ಮಿಶನರಿ ಸೊಸೈಟಿಯವರು ಡಫ್ ಎಂಬ ಹಡಗಿನಲ್ಲಿ ತಹಿತಿ ತಲುಪಿದ್ದು 1797ರಲ್ಲಿ. ಅದೇ ಸಂಸ್ಥೆ 1810ರಲ್ಲಿ ಜಾನ್ ಹ್ಯಾಂಡ್ಸ್ ಮೂಲಕ ಬಳ್ಳಾರಿಗೆ ಬಂತು, ಅವರಿಂದ ಕನ್ನಡದ ಬೈಬಲ್ ಅನುವಾದ ಆಯಿತು. ಅದೇ ಸಂಸ್ಥೆಯ ಮಾರ್ಥಾ ಮಾಲ್ಟ್ 1820ರ ದಶಕದಲ್ಲಿ ನಾಗರಕೋಯಿಲಿನ ಹುಡುಗಿಯರಿಗೆ ಲೇಸು ಹೆಣೆಯಲು ಕಲಿಸಿದರು. ಅದೂ ಎಲ್ಲಿ, ಎದೆ ಮುಚ್ಚುವ ಬಟ್ಟೆ ತೊಡುವ ಹಕ್ಕಿಗಾಗಿ ನಾಡಾರ್ ಹೆಂಗಸರು ದಶಕಗಟ್ಟಲೆ ಹೋರಾಡಿದ ತಿರುವಾಂಕೂರಿನಲ್ಲಿ. ಅಂದರೆ ಬಳ್ಳಾರಿ, ನಾಗರಕೋಯಿಲು, ತಹಿತಿ ಒಂದೇ ಕಚೇರಿಯ ಪತ್ರವ್ಯವಹಾರದಲ್ಲಿದ್ದ ಊರುಗಳು. ಆ ಕಚೇರಿಯ ದೃಷ್ಟಿಯಲ್ಲಿ ಸೂಜಿ-ನೂಲು ಬರೀ ಕಸುಬಲ್ಲ, ನಡತೆಯ ಪಾಠ. ಹವಾಯಿಗೆ ಬಂದ ಮಿಶನರಿಗಳು ಅಮೆರಿಕದವರು, ಬೇರೆ ಸಂಸ್ಥೆಯವರು. ಪಾಠ ಮಾತ್ರ ಅದೇ. 1820ರ ಏಪ್ರಿಲ್ 3ರಂದು ಥ್ಯಾಡಿಯಸ್ ಹಡಗಿನ ಅಟ್ಟದ ಮೇಲೆ ಮಿಶನರಿಗಳ ಹೆಂಡತಿಯರೂ ಹವಾಯಿಯ ರಾಜಮನೆತನದ ಹೆಂಗಸರೂ ಒಟ್ಟಿಗೆ ಕೂತು ಹೊಲಿದರು. ತನಗೂ ನಿಮ್ಮಂಥ ಉಡುಪು ಬೇಕು ಎಂದು ಬಟ್ಟೆ ತಂದವಳು ರಾಣಿ ಕಲಾಕುವಾ. ಅಲ್ಲಿಂದ ಮುಂದೆ ಕೊರಳಿನಿಂದ ಪಾದದವರೆಗೆ ಇಳಿಬೀಳುವ ನಿಲುವಂಗಿ ದ್ವೀಪದಿಂದ ದ್ವೀಪಕ್ಕೆ ಹರಡಿತು, ಮುಂದೆ ಅದರ ಅಂಚಿಗೆ ಲೇಸೂ ಬಂತು. ಅದೇ ಶತಮಾನ ಮುಗಿಯುವ ಹೊತ್ತಿಗೆ ಹವಾಯಿಯಲ್ಲಿ ಕಾಪಾ ಬಡಿಯುವ ಸದ್ದು ಹೆಚ್ಚುಕಡಿಮೆ ನಿಂತೇಹೋಗಿತ್ತು. ತಹಿತಿಯಲ್ಲೂ ಹಾಗೇ ಆಯಿತು. ಟೊಂಗಾ, ಸಮೋವಾ, ಫಿಜಿಗಳಲ್ಲಿ ಬಟ್ಟೆ ಉಳಿಯಿತು, ಆದರೆ ದಿನದ ಉಡುಪಾಗಿ ಅಲ್ಲ, ಮುಯ್ಯಿಯ ವಸ್ತುವಾಗಿ.

ಇಲ್ಲಿ ಕಥೆಯನ್ನು ಸರಳ ಮಾಡಿಕೊಳ್ಳುವ ಆಸೆ ಹುಟ್ಟುತ್ತದೆ. ಒಳ್ಳೆಯ ಟಾಪಾ, ಕೆಟ್ಟ ಲೇಸು. ಮುಗ್ಧ ದ್ವೀಪ, ದಬ್ಬಾಳಿಕೆಯ ಮಿಶನ್. ಅದು ದ್ವೀಪದ ಹೆಂಗಸರ ಬುದ್ಧಿಗೆ ಮಾಡುವ ಅವಮಾನ. ಟಾಪಾ ನೆನೆದರೆ ಸೊರಗುತ್ತದೆ. ಮಳೆಯ ನಾಡಿನಲ್ಲಿ ಒಗೆದು ಒಣಗಿಸಿ ಮತ್ತೆ ಉಡಬಹುದಾದ ಹತ್ತಿಬಟ್ಟೆಯನ್ನು ಅವರು ಕಂಡದ್ದು, ಬಯಸಿದ್ದು, ಕೇಳಿ ಪಡೆದದ್ದು ಸಹಜ. ಕಲಾಕುವಾಳನ್ನು ಯಾರೂ ಹಡಗಿಗೆ ಎಳೆದು ತಂದಿರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ: ತೂತಿನಿಂದ ಹೂವು ಬಿಡಿಸುವ ಕಲೆ ಟಾಪಾದವರಿಗೆ ಹೊಸತೇ ಆಗಿರಲಿಲ್ಲ. ಹವಾಯಿಯ ಕಾಪಾವನ್ನು ಬೆಳಕಿಗೆ ಹಿಡಿದರೆ, ಕೊಡತಿಯ ಮೇಲೆ ಕೆತ್ತಿದ ಚಿತ್ತಾರ ಬಟ್ಟೆಯೊಳಗೆ ನೀರಚ್ಚಿನಂತೆ ಕಾಣುತ್ತದೆ. ನೋಟಿನೊಳಗಿನ ಗಾಂಧಿ ಚಿತ್ರದ ಹಾಗೆ, ಎಲ್ಲಿ ನಾರು ತೆಳುವೋ ಅಲ್ಲಿ ಬೆಳಕು. ಫಿಜಿಯ ಮಾಸಿಯಲ್ಲಿ ಎಲೆಯನ್ನು ಕತ್ತರಿಸಿ, ಕಂಡಿಯೊಳಗಿಂದ ಬಣ್ಣ ಒತ್ತುತ್ತಾರೆ. ಈಗೀಗ ಎಲೆಯ ಬದಲು ಆಸ್ಪತ್ರೆಯ ಹಳೆಯ ಎಕ್ಸ್‌ರೇ ಫಿಲ್ಮನ್ನೂ ಕತ್ತರಿಸುತ್ತಾರೆ, ಯಾರದೋ ಪಕ್ಕೆಲುಬಿನ ಚಿತ್ರದ ನಡುವೆ ಹೂವಿನ ಆಕಾರದ ಕಂಡಿ. ರಾರೊಟೊಂಗಾದಲ್ಲಿ ತಲೆ ತೂರಿಸಿ ತೊಡುವ ಟಿಪುಟ ಎಂಬ ನಾರಿನ ಮೇಲುಡುಪಿಗೆ ಸಣ್ಣ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆದು ಚಿತ್ತಾರ ಮಾಡುತ್ತಿದ್ದರು. ಮಿಶನ್ ಕಾಲದಲ್ಲಿ ಸಂಗ್ರಹವಾದ ಅಂಥ ಟಿಪುಟಗಳು ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿವೆ. ಕತ್ತರಿ ಬಂದದ್ದು ಹಡಗಿನಿಂದಲೇ ಇರಬಹುದು. ಕತ್ತರಿಸುವ ಕಣ್ಣು ಮಾತ್ರ ಅಲ್ಲಿಯದು. ನನ್ನ ಮಟ್ಟಿಗೆ ಇಂದಿನ ಟಾಪಾ-ಲೇಸಿನ ಕೃತಿಗಳ ವಂಶವೃಕ್ಷ ಶುರುವಾಗುವುದು ಈ ಟಿಪುಟದಿಂದ, ಲಂಡನ್ನಿನ ಯಾವುದೇ ಕಲಾಶಾಲೆಯಿಂದಲ್ಲ.

ಈ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಕೊಂಬೆ ಪಿಟ್‌ಕೇರ್ನ್ ದ್ವೀಪದ್ದು. ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗು ತಹಿತಿಗೆ ಬಂದದ್ದು ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ದೀವಿಹಲಸಿನ ಸಸಿಗಳಿಗಾಗಿ, ವೆಸ್ಟ್ ಇಂಡೀಸಿನ ಗುಲಾಮರಿಗೆ ಅಗ್ಗದ ಆಹಾರ ಒದಗಿಸಲಿಕ್ಕೆ. ಆ ಹಡಗಿನ ನಾವಿಕರು 1789ರಲ್ಲಿ ಎಬ್ಬಿಸಿದ ದಂಗೆಯ ಮೇಲೆ ಒಂಬತ್ತು ಮಂದಿ ದಂಗೆಕೋರರು, ಆರು ಮಂದಿ ಪಾಲಿನೇಷ್ಯಾದ ಗಂಡಸರು, ಹತ್ತು-ಹನ್ನೆರಡು ಹೆಂಗಸರು 1790ರಲ್ಲಿ ನಿರ್ಜನವಾಗಿದ್ದ ಪಿಟ್‌ಕೇರ್ನಿಗೆ ಬಂದಿಳಿದು ಹಡಗು ಸುಟ್ಟರು. ಗಂಡಸರು ಒಬ್ಬರನ್ನೊಬ್ಬರು ಕೊಂದುಕೊಂಡ ಕಥೆ ಸಿನಿಮಾಗಳಾಗಿ ಜಗತ್ತಿಗೆಲ್ಲ ಗೊತ್ತು. ಅಲ್ಲಿ ಎಲ್ಲರ ಮೈ ಮುಚ್ಚಿದ್ದು ಹೆಂಗಸರು ಬಡಿದ ನಾರುಬಟ್ಟೆ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದಂಗೆಯ ನಾಯಕ ಫ್ಲೆಚರ್ ಕ್ರಿಶ್ಚಿಯನ್‌ನ ಹೆಂಡತಿ ಮೌವಾಟುವಾ ತೆಳ್ಳನೆಯ ಬಿಳಿ ಟಾಪಾಕ್ಕೆ ಹೆಸರಾಗಿದ್ದಳು. 1856ರಲ್ಲಿ ದ್ವೀಪದ ಜನರೆಲ್ಲ ನಾರ್ಫೋಕ್ ದ್ವೀಪಕ್ಕೆ ವಲಸೆ ಹೋದರು, ಕೆಲವರು ಆಮೇಲೆ ಮರಳಿದರು, ಕಸುಬು ನಂದಿತು. ಈ ಶತಮಾನದಲ್ಲಿ ಆ ಹೆಂಗಸರ ವಂಶದ ನಾಲ್ವರು ಕಲಾವಿದೆಯರು, ಪಾಲಿನ್ ರೆನಾಲ್ಡ್ಸ್, ಸೂ ಪಿಯರ್ಸನ್, ಜೀನ್ ಕ್ಲಾರ್ಕ್‌ಸನ್ ಮತ್ತು ಮೆರಾಲ್ಡಾ ವಾರನ್, ಒಂದು ಕೂಟ ಕಟ್ಟಿಕೊಂಡು ಮತ್ತೆ ತೊಗಟೆ ಬಡಿಯಲು ಕೂತರು. ಅವರಿಗೆ ಇಂಗ್ಲಿಷ್ ಸೂಜಿ-ನೂಲಿನ ಅಜ್ಜಿಯರೂ ಇದ್ದಾರೆ, ತಹಿತಿಯ ಕೊಡತಿಯ ಅಜ್ಜಿಯರೂ ಇದ್ದಾರೆ. ಇಂಥವರ ಕೈಯಲ್ಲಿ ನಾರು ಮತ್ತು ನೂಲು ಸೇರಿದರೆ ಅದನ್ನು ಹೊರಗಿನ ಎರಡು ಸಂಸ್ಕೃತಿಗಳ ಕೂಡಾವಳಿ ಎನ್ನುವುದು ಹೇಗೆ? ಅದು ಒಂದೇ ಮನೆಯೊಳಗಿನ ಜಗಳ, ಒಂದೇ ಮನೆಯೊಳಗಿನ ರಾಜಿ.

ಟಾಪಾಕ್ಕೆ ಲೇಸು ಸೇರುವ ದಾರಿಗಳು ಮುಖ್ಯವಾಗಿ ಮೂರು. ಲೇಸಿನ ತುಂಡನ್ನೇ ಟಾಪಾದ ಮೇಲೆ ಹೊಲಿಯುವುದು; ಲೇಸನ್ನು ಕುಪೆಸಿಯ ಜಾಗದಲ್ಲಿ ಕೆಳಗಿಟ್ಟು ಬಣ್ಣ ಉಜ್ಜುವುದು; ಟಾಪಾವನ್ನೇ ಕತ್ತರಿಸಿ ಲೇಸಾಗಿಸುವುದು. ಮೊದಲನೆಯದು ಸುಲಭ, ಬಹುಮಟ್ಟಿಗೆ ನೀರಸ. ಮಾಸಿಯ ಮದುವೆ ಗೌನಿಗೆ ಲೇಸಿನ ಅಂಚು ಕಟ್ಟಿದರೆ ಚೆಂದ ಕಾಣುತ್ತದೆ, ನಾರಾಗಲಿ ನೂಲಾಗಲಿ ಏನನ್ನೂ ಹೇಳುವುದಿಲ್ಲ. ಎರಡನೆಯದು ಚುರುಕಾದದ್ದು. ಅಲ್ಲಿ ನೂಲು ಹಾಳೆಯ ಕೆಳಗೆ ಮರೆಯಾಗುತ್ತದೆ, ನಾರಿನ ಮೇಲೆ ಅದರ ಗುರುತಷ್ಟೇ ಉಳಿಯುತ್ತದೆ. ಒಂದು ಕಾಲದಲ್ಲಿ ಟಾಪಾವನ್ನು ಮೂಲೆಗೆ ತಳ್ಳಿದ ಬಟ್ಟೆ ಈಗ ಟಾಪಾದ ಕೆಲಸಕ್ಕೆ ಅಚ್ಚಾಗಿ ದುಡಿಯುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮೆಚ್ಚು, ಏಕೆಂದರೆ ಅದರಲ್ಲಿ ಅಪಾಯವಿದೆ. ನೇಯ್ದ ಬಟ್ಟೆಯ ಕತ್ತರಿಸಿದ ಅಂಚು ಎಳೆ ಬಿಡುತ್ತದೆ, ಟಾಪಾದ ಅಂಚು ಬಿಡುವುದಿಲ್ಲ. ಹಾಗಾಗಿ ಸೂಕ್ಷ್ಮವಾಗಿ ಕತ್ತರಿಸಬಹುದು. ಆದರೆ ಕತ್ತರಿ ಒಂದು ಹೆಜ್ಜೆ ಮುಂದೆ ಹೋದರೆ ನಾರಿನ ಹಿಡಿತವೇ ತಪ್ಪಿ ಹಾಳೆ ಸೀಳುತ್ತದೆ. ಸಿಡ್ನಿಯ ಪವರ್‌ಹೌಸ್ ಸಂಗ್ರಹಾಲಯ 2011ರಲ್ಲಿ ನಡೆಸಿದ ಲವ್ ಲೇಸ್ ಎಂಬ ಅಂತರರಾಷ್ಟ್ರೀಯ ಪ್ರದರ್ಶನ ಲೇಸಿನ ವ್ಯಾಖ್ಯೆಯನ್ನೇ ಸಡಿಲಿಸಿತ್ತು. ತುಂಬಿದ ಭಾಗದಷ್ಟೇ ಖಾಲಿ ಭಾಗವೂ ಮುಖ್ಯವಾಗಿರುವ ಯಾವ ರಚನೆಯಾದರೂ ಲೇಸು ಎಂದಾಯಿತು, ನೂಲು ಇರಲೇಬೇಕೆಂಬ ಷರತ್ತು ಹೋಯಿತು. ಈ ಅಳತೆಗೋಲಿನಿಂದ ಹಿಂತಿರುಗಿ ನೋಡಿದರೆ ರಾರೊಟೊಂಗಾದ ಟಿಪುಟವೂ ಲೇಸೇ.

ನಾರಿಗೆ ಹೊರಗಿನ ಬಟ್ಟೆ ಸೇರಿ ಮಾತಾಡಿದ ಒಂದು ಕೃತಿಯನ್ನು ಭಾರತೀಯರು ಬಿಡಿಸಿ ನೋಡಬೇಕು. ನ್ಯೂಜಿಲೆಂಡಿನ ರಾಬಿನ್ ವೈಟ್, ಫಿಜಿಯ ಲೇಬಾ ಟೋಕಿ ಮತ್ತು ಬಾಲೆ ಜಿಯೋನೆ 2009ರಲ್ಲಿ ಬ್ರಿಸ್ಬೇನಿನ ಏಷ್ಯಾ ಪೆಸಿಫಿಕ್ ತ್ರೈವಾರ್ಷಿಕ ಕಲಾಪ್ರದರ್ಶನಕ್ಕೆ ಮಾಡಿದ ಕೃತಿಯ ಹೆಸರು ಟೇಟೇ ವೋವು, ಹೊಸ ತೋಟ ಎಂದರ್ಥ. ಫಿಜಿಯ ಸಂಪ್ರದಾಯದಲ್ಲಿ ಮದುವೆಗೆ ಒದಗಿಸುವ ನಾರುಬಟ್ಟೆ, ಚಾಪೆಗಳ ಸರಂಜಾಮೇ ಅದರ ರೂಪ. ಮದುವೆ ಮಾತ್ರ ಫಿಜಿಯ ಮನೆತನಕ್ಕೂ ಭಾರತೀಯ ಮನೆತನಕ್ಕೂ ನಡುವಿನದೆಂಬ ಕಲ್ಪನೆ. ಮಾಸಿಯ ಮೇಲೆ ಸಕ್ಕರೆ ಉದ್ಯಮದ ಚಿತ್ರಗಳಿವೆ, ಕೃತಿಯೊಳಗೆ ಸೀರೆಯ ಬಟ್ಟೆಯೂ ಇದೆ. 1879ರಿಂದ 1916ರವರೆಗೆ ಕಬ್ಬಿನ ಗದ್ದೆಗಳಿಗೆಂದು ಗಿರ್ಮಿಟ್ ಎಂಬ ಕೂಲಿ ಕರಾರಿನ ಮೇಲೆ ಫಿಜಿಗೆ ಸಾಗಿಸಿದ ಭಾರತೀಯರು 60,000ಕ್ಕೂ ಹೆಚ್ಚು. ಅವರಲ್ಲಿ ಕೆಲವರು ಮದ್ರಾಸಿನ ಬಂದರಿನಿಂದ ಹಡಗು ಹತ್ತಿದವರು. ಅವರ ಮೊಮ್ಮಕ್ಕಳಿಗೂ ಫಿಜಿಯ ಮೂಲದವರಿಗೂ ನಡುವಿನ ತಿಕ್ಕಾಟದಲ್ಲಿ 1987 ಮತ್ತು 2000ದಲ್ಲಿ ಕ್ಷಿಪ್ರಕ್ರಾಂತಿಗಳೇ ಆಗಿಹೋದವು. ಆ ದ್ವೀಪದಲ್ಲಿ ಸೀರೆ ಮತ್ತು ಮಾಸಿ ಒಂದೇ ಮದುವೆಯ ಸರಂಜಾಮಿನೊಳಗೆ ಕೂತರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಲೇಸಿನ ಕೃತಿಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕೆಂಬುದು ನನ್ನ ಮಾತು. ಜಪಾನ್-ಸಮೋವಾ ಮೂಲದ ಯುಕಿ ಕಿಹಾರಾ 2019ರಿಂದ ಸಮೋವಾದ ಸಿಯಾಪೊದಲ್ಲಿ ಕಿಮೋನೊಗಳನ್ನೇ ಕಟ್ಟುತ್ತ ಬಂದರು. ಅಲ್ಲಿಯೂ ಎರಡನೇ ಬಟ್ಟೆಯ ರೂಪ ಅಂಚಿಗೆ ಹಚ್ಚಿದ್ದಲ್ಲ, ಇಡೀ ಕೃತಿಯ ಎಲುಬು.

ಇಂಥ ಕೂಡಿಕೆಗೆ ಮೊದಲ ಆಕ್ಷೇಪ ಶುದ್ಧತೆಯವರದು. ಟಾಪಾವನ್ನು ಅದರ ಪಾಡಿಗೆ ಬಿಡಿ, ಬೆರಕೆ ಬೇಡ ಎನ್ನುತ್ತಾರೆ. ಟಾಪಾ ಯಾವಾಗ ತನ್ನ ಪಾಡಿಗೆ ಇತ್ತು? ಎರಡನೇ ಮಹಾಯುದ್ಧದಲ್ಲಿ ಟೊಂಗಾದ ಜನ ಹಣ ಕೂಡಿಸಿ ಸ್ಪಿಟ್‌ಫೈರ್ ಯುದ್ಧವಿಮಾನಗಳನ್ನು ಕೊಡಿಸಿದಾಗ, ಆ ವಿಮಾನವೂ ಙಾಟುವಿನ ಮೇಲೆ ಹಾರಿತು. ಕಿರೀಟ, ಸಿಂಹ, ಅರಮನೆಯ ಹಾದಿಯ ಸಾಲುಮರ, ಎಲ್ಲವೂ ಅಲ್ಲಿ ವಿನ್ಯಾಸಗಳಾಗಿವೆ. ಆಕ್ಲೆಂಡಿಗೆ ವಲಸೆ ಹೋದ ಟೊಂಗಾದ ಹೆಂಗಸರು ಗಿಡ ಸಾಲದ ಊರಿನಲ್ಲಿ, ದರ್ಜಿಗಳು ಕಾಲರಿನೊಳಗೆ ಇಡುವ ಕ್ಯಾನ್ವಾಸಿನಂಥ ಕೃತಕ ಬಟ್ಟೆಯನ್ನು ಙಾಟುವಿನ ಪದರವಾಗಿ ಬಳಸಿದರು. ಸ್ವಾರಸ್ಯವೆಂದರೆ ಆ ಕೃತಕ ಬಟ್ಟೆಯೂ ನೇಯ್ದದ್ದಲ್ಲ, ನಾರುಗಳನ್ನು ಒತ್ತಿ ಹಿಡಿಸಿದ್ದು. ಅಂಗಡಿಯ ಸಾಲಿನಲ್ಲಿ ಟಾಪಾದ ಹತ್ತಿರದ ಬಂಧುವನ್ನೇ ಅವರು ಆರಿಸಿಕೊಂಡಿದ್ದರು. ಕೊಟ್ಟವರು ಕೊಟ್ಟರು, ಪಡೆದವರು ಪಡೆದರು, ಮದುವೆಗಳು ನಡೆದವು. ಬಳಸುವವರೇ ಒಪ್ಪಿದ ಬೆರಕೆಯನ್ನು ದೂರದಿಂದ ನೋಡುವವರು ತಪ್ಪೆನ್ನುವುದು ನಮ್ಮಲ್ಲಿ ಇಳಕಲ್ ಸೀರೆಗೆ ಕೃತಕ ರೇಷ್ಮೆ ಬಂದಾಗ ಅದನ್ನು ಉಡದವರು ಮರುಗಿದ ಹಾಗೆ. ಒಂದು ರಿಯಾಯಿತಿ ಮಾತ್ರ ಕೊಡಬೇಕು. ಹವಾಯಿಯಲ್ಲಿ, ಪಿಟ್‌ಕೇರ್ನಿನಲ್ಲಿ ಕಸುಬು ಒಮ್ಮೆ ಹೆಚ್ಚುಕಡಿಮೆ ಕಡಿದೇಹೋಗಿತ್ತು. ಅಂಥ ಕಡೆ ಮೊದಲು ಹಳೆಯ ಹದವನ್ನು ಕೈಗೆ ತಂದುಕೊಂಡು ಆಮೇಲೆ ಬೆರಕೆಗೆ ಇಳಿಯಬೇಕೆಂದು ಬಡಿಯುವವರೇ ಹೇಳಿದರೆ ಅದಕ್ಕೆ ಎದುರಾಡಲು ನನಗೆ ಕಾರಣ ಕಾಣದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಟಾಪಾವನ್ನು ಮೈಯಿಂದ ಇಳಿಸಿದ ಉಡುಪಿನ ಅಂಚನ್ನೇ ತಂದು ಟಾಪಾದ ಮೇಲಿಟ್ಟರೆ ಅದು ವಸಾಹತಿನ ಗೆಲುವನ್ನು ಮತ್ತೊಮ್ಮೆ ಮೆರೆಸಿದಂತೆ ಅಲ್ಲವೇ? ಲೇಸಿಗೆ ಅಂಥ ಗೆಲುವಿನ ಮುಖ ಇದೆ, ನಿಜ. ಆದರೆ ಅದರ ಬೆನ್ನಿನಲ್ಲಿ ಸೋತವರ ಕೈಗಳೂ ಇವೆ. ಫ್ಲಾಂಡರ್ಸಿನ ಅನಾಥಾಲಯದ ಹುಡುಗಿಯರು, ಯಂತ್ರ ಬಂದು ಕೂಲಿ ಕಳೆದುಕೊಂಡ ಇಂಗ್ಲೆಂಡಿನ ಹಳ್ಳಿಯ ಹೆಂಗಸರು, ನಮ್ಮ ಪಕ್ಕದ ಆಂಧ್ರದ ನರಸಾಪುರದಲ್ಲಿ ಮನೆಯೊಳಗೆ ಕೂತು ಕ್ರೋಶಾ ಹೆಣೆದು ರಫ್ತುದಾರರ ಗಂಟು ಬೆಳೆಸಿದವರು. ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ನರಸಾಪುರದ ಆ ದುಡಿಮೆಗೆ ದುಡಿಮೆ ಎಂಬ ಹೆಸರೂ ಸಿಕ್ಕಿರಲಿಲ್ಲ, ಬಿಡುವಿನ ವೇಳೆಯ ಕೆಲಸ ಎಂದೇ ಲೆಕ್ಕ. ಟಾಪಾ ಬಡಿದವರಿಗೂ ಲೇಸು ಹೆಣೆದವರಿಗೂ ಕಲಾಚರಿತ್ರೆ ಕೊಟ್ಟ ಜಾಗ ಒಂದೇ, ಕರಕುಶಲದ ಕಪಾಟು. ಇಬ್ಬರನ್ನೂ ಒಂದೇ ಹಾಳೆಗೆ ತಂದಾಗ ಈ ಸಂಗತಿ ಮೇಲೆ ಬರುತ್ತದೆ. ತರುವವರು ಅದನ್ನು ಅರಿತಿರಬೇಕು, ಅಷ್ಟೇ. ಅರಿಯದೆ ಬರೀ ಬಿಳುಪಿನ ಚೆಂದಕ್ಕೆ ಲೇಸು ಹಚ್ಚಿದ ಕೃತಿಯ ಮೇಲೆ ಈ ಆಕ್ಷೇಪ ಪೂರ್ತಿ ಸಲ್ಲುತ್ತದೆ.

ಮೂರನೆಯ ಪ್ರಶ್ನೆ ಹಕ್ಕಿನದು. ಯಾರ ವಿನ್ಯಾಸ, ಯಾರ ಅಪ್ಪಣೆ? 2013ರಲ್ಲಿ ಫಿಜಿಯ ರಾಷ್ಟ್ರೀಯ ವಿಮಾನಯಾನ ಸಂಸ್ಥೆ ಮಾಸಿಯ 15 ವಿನ್ಯಾಸಗಳಿಗೆ ವ್ಯಾಪಾರ ಮುದ್ರೆಯ ಹಕ್ಕು ಕೋರಿದಾಗ ದ್ವೀಪದಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ತಲೆಮಾರುಗಳಿಂದ ಹರಿದುಬಂದ ಗೆರೆಗಳನ್ನು ಒಂದು ಕಂಪನಿ ತನ್ನದೆನ್ನಬಹುದೇ ಎಂಬುದು ಜನ ಕೇಳಿದ ಪ್ರಶ್ನೆ. ಗ್ಯಾಲರಿಯ ಕಲಾವಿದರೂ ಈ ಪ್ರಶ್ನೆಯಿಂದ ಪಾರಾಗುವಂತಿಲ್ಲ, ವಿಶೇಷವಾಗಿ ಹೊರಗಿನವರು. ರಾಬಿನ್ ವೈಟ್ ಹಿಡಿದ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರು 1982ರಿಂದ 1999ರವರೆಗೆ ಕಿರಿಬಾಸ್ ದ್ವೀಪರಾಷ್ಟ್ರದಲ್ಲಿ ನೆಲೆಸಿದ್ದವರು. ಅಲ್ಲಿ ತಮ್ಮ ಕಾರ್ಯಶಾಲೆ ಬೆಂಕಿಗೆ ಆಹುತಿಯಾದ ಮೇಲೆ ಸ್ಥಳೀಯ ಹೆಂಗಸರ ಜೊತೆ ಚಾಪೆ ಹೆಣೆಯುವ ಕೆಲಸಕ್ಕೆ ತಿರುಗಿದರು. ಮುಂದೆ ಫಿಜಿ, ಟೊಂಗಾದವರೊಡನೆ ನಾರುಬಟ್ಟೆಯ ಕೃತಿ ಮಾಡಿದಾಗಲೂ ಸಹಿಯಲ್ಲಿ ಎಲ್ಲರ ಹೆಸರು ಇರುತ್ತದೆ. ಙಾಟುವಿಗೆ ಬಣ್ಣ ಉಜ್ಜುವುದೇ ಸಾಲಾಗಿ ಕೂತು ಮಾಡುವ ಕೆಲಸ ಎಂದಮೇಲೆ ಸಹಿ ಒಬ್ಬರದೇ ಇರುವುದು ಲೆಕ್ಕಕ್ಕೂ ಕೂಡುವುದಿಲ್ಲ.

ಹೆಸರಿನ ಈ ಪ್ರಶ್ನೆ ಹಳೆಯದು. ಕ್ಯಾಪ್ಟನ್ ಕುಕ್‌ನ ಮೂರು ಯಾನಗಳಲ್ಲಿ ಸಂಗ್ರಹವಾದ ಟಾಪಾಗಳನ್ನು 1787ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಶಾ ಎಂಬಾತ ತುಂಡು ತುಂಡಾಗಿ ಕತ್ತರಿಸಿ, ಜವಳಿ ಅಂಗಡಿಯ ಮಾದರಿ ಪುಸ್ತಕದಂತೆ ಹೊಲಿದು ಮಾರಿದ. ಯಾವ ದ್ವೀಪದ್ದು, ಯಾವ ಬಳಕೆಗೆ ಎಂಬ ಟಿಪ್ಪಣಿಗಳು ಅದರಲ್ಲಿವೆ, ಬಡಿದವರ ಹೆಸರಿಲ್ಲ. ಸಂಗ್ರಹಾಲಯಗಳಲ್ಲಿರುವ ಹಳೆಯ ಲೇಸಿನ ಕಥೆಯೂ ಇದೇ, ಊರಿನ ಹೆಸರು ಇರುತ್ತದೆ, ಹೆಣೆದವಳದು ಇರುವುದು ಅಪರೂಪ. ಇಂದಿನ ಟಾಪಾ-ಲೇಸಿನ ಕೃತಿ ಎಲ್ಲಾದರೂ ಕಣ್ಣಿಗೆ ಬಿದ್ದರೆ, ಮೊದಲು ಅದರ ಪಕ್ಕದ ಫಲಕ ಓದಿ. ಕಲಾವಿದರ ಹೆಸರಿನ ಕೆಳಗೆ ನಾರು ಬಡಿದವರ ಹೆಸರಿದೆಯೇ, ಲೇಸು ಎಲ್ಲಿಂದ ಬಂತೆಂದು ಬರೆದಿದೆಯೇ ನೋಡಿ. ಪಿಟ್‌ಕೇರ್ನಿನ ಮೌವಾಟುವಾ ತೀರಿಕೊಂಡದ್ದು 1841ರಲ್ಲಿ. ಅವಳು ಬಡಿದ ಬಿಳಿ ಟಾಪಾ ಬ್ರಿಟನ್ನಿನ ಸಂಗ್ರಹಗಳಲ್ಲಿ ಇಂದಿಗೂ ಅವಳ ಹೆಸರಿನಲ್ಲೇ ಇದೆ.